ಕಟ್ಟೆಯ ಮೇಲಿನ ಕೆಂಪು ಗೆರೆ

ವಿಶ್ವವಿದ್ಯಾಲಯದ ನಮ್ಮ ವಿಭಾಗದ ಜೀಪು ಕೈಕೊಟ್ಟಿದ್ದು ಕೈಕೊಡಲೇಬಾರದ ಹೊತ್ತಿನಲ್ಲಿ, ಜೇಠ, ಅಂದರೆ ಜ್ಯೇಷ್ಠ ಮಾಸದ ನಡುವೆ. ವಾರಾಣಸಿಯ ಸುತ್ತಲಿನ ಹಳ್ಳಿಗಳಲ್ಲಿ ನಲವತ್ತೆರಡು ಬಾವಿಗಳ ನೀರಿನ ಮಟ್ಟವನ್ನು ನಾನು ವರ್ಷಕ್ಕೊಮ್ಮೆ ಅಳೆಯುತ್ತಿದ್ದೆ. ಅದು ಮೊದಲ ಮಳೆಗೆ ಮುಂಚೆಯೇ ಮುಗಿಯಬೇಕು, ಏಕೆಂದರೆ ಬಾವಿಯ ನೀರು ವರ್ಷದಲ್ಲೇ ಅತಿ ಕೆಳಗೆ ಇಳಿದಿರುವುದು ಆಗಲೇ. ಒಂದು ಜೋರು ಮಳೆ ಬಿತ್ತೆಂದರೆ ಆ ವರ್ಷದ ಕೆಲಸ ಹೋದಂತೆಯೇ. ಜೀಪಿನ ಎಂಜಿನ್ ಬಿಚ್ಚಿ ಹಾಸಿದ ಮಿಸ್ತ್ರಿ "ಹದಿನೈದು ದಿನ" ಎಂದ. ಹದಿನೈದು ದಿನಕ್ಕೆ ಆಕಾಶ ಕಾಯುತ್ತದೆಯೇ?

ವಿಭಾಗದ ಮುಖ್ಯಸ್ಥರು ಬಾಡಿಗೆ ಕಾರು ಮಾಡಿಕೊಳ್ಳಲು ಒಪ್ಪಿದರು. ಕಂಟೋನ್ಮೆಂಟ್ ಸ್ಟೇಷನ್ನಿನ ಮುಂದೆ ನಿಂತು ಕೇಳಿದರೆ, ಟ್ಯಾಕ್ಸಿಯವರಿಗೆಲ್ಲ ಸಾರನಾಥ ಗೊತ್ತು, ವಿಮಾನ ನಿಲ್ದಾಣ ಗೊತ್ತು. ಹಳ್ಳಿಯ ಮಣ್ಣುರಸ್ತೆ ಎಂದೊಡನೆ ಮುಖ ತಿರುಗಿಸುತ್ತಿದ್ದರು. ಕೊನೆಗೆ ಬಂಗಾಲಿ ಟೋಲಾದ ಶಾಸ್ತ್ರಿಗಳಿಗೆ ಫೋನು ಮಾಡಿದೆ. ಕರ್ನಾಟಕದಿಂದ ಬರುವ ಯಾತ್ರಿಕರಿಗೆ ಪೌರೋಹಿತ್ಯ ಮಾಡಿಸುವ ಮನೆತನ ಅವರದು, ಅಜ್ಜನ ಕಾಲದಿಂದ ಕಾಶಿಯಲ್ಲೇ.

"ಮೇಡಂ, ನೀವು ಟೆನ್ಶನ್ ತಗೋಬೇಡಿ," ಎಂದರು. "ನಮ್ಮ ಯಾತ್ರಿಗಳನ್ನ ಪಂಚಕ್ರೋಶಿ ಯಾತ್ರೆಗೆ ಕರ್ಕೊಂಡು ಹೋಗೋ ಗಾಡಿ ಇದೆ. ಡ್ರೈವರ್ ಬಿಲ್ಕುಲ್ ಸೀದಾ ಮನುಷ್ಯ. ಕನ್ನಡಾನೂ ಬರುತ್ತೆ."

ಬೆಳಿಗ್ಗೆ ಐದಕ್ಕೆ ಕ್ವಾರ್ಟರ್ಸಿನ ಮುಂದೆ ಹಳೆಯ ಬಿಳಿ ಡೀಸೆಲ್ ಕಾರು ನಿಂತಿತ್ತು. ಐವತ್ತರ ಆಸುಪಾಸಿನ ಡ್ರೈವರ್ ಹೆಗಲ ಮೇಲೆ ಗಮಛಾ, ಅಂದರೆ ಅಲ್ಲಿನ ತೆಳು ಟವೆಲು, ಹಾಕಿಕೊಂಡು ಕೈಮುಗಿದ. "ಅಮ್ಮಾ, ನಮಸ್ಕಾರ. ಹತ್ತಿ ಹತ್ತಿ. ನಿಧಾನ." ಅವನ ಕನ್ನಡವೆಲ್ಲ ನಮ್ಮ ಊರುಗಳ ಮುದುಕಿಯರಿಂದ ಕಲಿತದ್ದು; ಎಲ್ಲವೂ ಹತ್ತುವುದು, ಇಳಿಯುವುದು, ಚಪ್ಪಲಿ ಬಿಡುವುದು. ಉಳಿದದ್ದೆಲ್ಲ ಹಿಂದಿ.

ಮೊದಲ ದಿನ ಅವನ ಜೊತೆ ನನ್ನ ತಾಳ್ಮೆ ಕೆಟ್ಟಿತು. ನಾನು ನಕಾಶೆ ಹಿಡಿದು ಎಡಕ್ಕೆ ಎಂದರೆ ಇವನು ಅಭ್ಯಾಸದ ಬಲದಿಂದ ಬಲಕ್ಕೆ ಹೋಗಿ ಒಂದು ಗುಡಿಯ ಮುಂದೆ ನಿಲ್ಲಿಸಿ, ಬಾಗಿಲು ತೆರೆದು, "ಅಮ್ಮಾ, ಚಪ್ಪಲಿ ಇಲ್ಲೇ" ಎನ್ನುತ್ತಿದ್ದ. ಮೂರನೇ ಗುಡಿಯ ಹೊತ್ತಿಗೆ ನಾನು ಅಪ್ಪಟ ಧಾರವಾಡದ ದನಿಯಲ್ಲಿ ಕೂಗಿದೆ: "ಏನಪಾ, ನನಗ ಪುಣ್ಯ ಬ್ಯಾಡ, ಬಾವಿ ಬೇಕು!" ಅವನು ನೊಂದುಕೊಳ್ಳಲಿಲ್ಲ. ಗುಡಿಯ ಹಿಂದಕ್ಕೆ ಕೈ ತೋರಿಸಿದ. ಅಲ್ಲಿ ಬಾವಿ ಇತ್ತು, ನನ್ನ ಪಟ್ಟಿಯ ಮೂರನೆಯದು. ಯಾತ್ರಿಕರು ಕೈಕಾಲು ತೊಳೆಯುವುದು ಎಲ್ಲಿ ಎಂಬ ಲೆಕ್ಕದಲ್ಲೇ ಅವನಿಗೆ ಇಡೀ ಸೀಮೆ ಗೊತ್ತಿತ್ತು. ಅಲ್ಲಿಂದ ಮುಂದೆ ನಾನು ನಕಾಶೆಯನ್ನು ಮಡಚಿ ಸೀಟಿನ ಕೆಳಗೆ ಹಾಕಿದೆ.

ಕೆಲಸ ನೋಡಲು ಸುಲಭ. ಉಕ್ಕಿನ ಟೇಪಿನ ತುದಿಗೆ ನೀಲಿ ಸೀಮೆಸುಣ್ಣ ಬಳಿಯುತ್ತೇವೆ. ಟೇಪನ್ನು ಬಾವಿಗಿಳಿಸಿ, ಸುಣ್ಣದ ಭಾಗ ನೀರಿಗೆ ತಾಗುವ ಹಾಗೆ ಬಿಟ್ಟು, ಕಟ್ಟೆಯ ಮೇಲಿನ ಕೆಂಪು ಗೆರೆಯ ಬಳಿ ಒಂದು ಪೂರ್ತಿ ಮೀಟರಿನ ಅಂಕಿ ಬರುವಂತೆ ಹಿಡಿಯುತ್ತೇವೆ. ಮೇಲಕ್ಕೆ ಎಳೆದಾಗ ಸುಣ್ಣ ಎಷ್ಟು ನೆನೆದಿದೆ ಎಂದು ನೋಡಿ ಕಳೆದರೆ, ಗೆರೆಯಿಂದ ನೀರಿನವರೆಗಿನ ಆಳ. ಅದರಲ್ಲಿ ಕಟ್ಟೆಯ ಎತ್ತರವನ್ನೂ ಕಳೆದರೆ ನೆಲದಿಂದ ನೀರಿಗೆ ಎಷ್ಟು ಆಳ ಎಂಬುದು ಬರುತ್ತದೆ. ಕೆಂಪು ಗೆರೆಗಳನ್ನು ಎರಡು ವರ್ಷದ ಹಿಂದೆ ನಾನೇ ಬಣ್ಣದ ಡಬ್ಬಿ ಹಿಡಿದು ಹಾಕಿದ್ದೆ. ಕಟ್ಟೆಗಳ ಎತ್ತರವನ್ನೂ ಆಗಲೇ ಅಳೆದು ಪುಸ್ತಕದಲ್ಲಿ ಬರೆದಿದ್ದೆ. ಕಟ್ಟೆಯೇನು ಬೆಳೆಯುತ್ತದೆಯೇ? ಮರುವರ್ಷ ಗೆರೆ ನೋಡಿದೆ, ಟೇಪು ಬಿಟ್ಟೆ, ಎತ್ತರಕ್ಕೆ ಹಳೆಯ ಪುಸ್ತಕದ ಅಂಕಿಯನ್ನೇ ಬರೆದುಕೊಂಡೆ.

ನಾಲ್ಕನೇ ದಿನ, ಬುಧವಾರ. ಇಪ್ಪತ್ತಾರನೇ ಬಾವಿ. ವರುಣಾ ನದಿಯ ಆಚೆಯ ಹಳ್ಳಿ. ಬೆಳಗಿನ ಒಂಬತ್ತಕ್ಕೇ ಬಿಸಿಗಾಳಿ ಶುರುವಾಗಿತ್ತು. ಕಾರು ಮಾವಿನ ತೋಪು ದಾಟಿ ತಿರುಗಿದಾಗ ನಾನು ಕಂಡದ್ದು ಇಷ್ಟು: ಬಾವಿಯ ಕಟ್ಟೆಯ ಮೇಲೆ ಹಳದಿ ಸೀರೆಯ ಹೆಂಗಸೊಬ್ಬಳು ಎರಡೂ ಕಾಲನ್ನು ಬಾವಿಯೊಳಗೆ ಇಳಿಬಿಟ್ಟು ಕೂತಿದ್ದಾಳೆ, ಹಾರುತ್ತೇನೆ ಎಂದು ಕೂಗುತ್ತಿದ್ದಾಳೆ, ಒಬ್ಬ ಹುಡುಗ ಕೈಮುಗಿದು ಬೇಡಿಕೊಳ್ಳುತ್ತಿದ್ದಾನೆ.

ಕಾರು ನಿಲ್ಲುವ ಮುಂಚೆಯೇ ಬಾಗಿಲು ತೆಗೆದು ಓಡಿದೆ. "ಯವ್ವಾ, ಬ್ಯಾಡ! ಬ್ಯಾಡ!" ಎನ್ನುತ್ತ ಹಿಂದಿನಿಂದ ಆಕೆಯ ಸೊಂಟ ಹಿಡಿದು ಎಳೆದೆ. ಇಬ್ಬರೂ ಹಿಂದಕ್ಕೆ ಉರುಳಿದೆವು. ಆಕೆಯ ಮೊಣಕೈ ನನ್ನ ಕನ್ನಡಕಕ್ಕೆ ಬಡಿಯಿತು.

ಆಮೇಲೆ ಸುತ್ತ ನಿಂತ ಇಪ್ಪತ್ತು ಮೂವತ್ತು ಹೆಂಗಸರು ಹೊಟ್ಟೆ ಹಿಡಿದುಕೊಂಡು ನಗತೊಡಗಿದರು. ನನ್ನ ಡ್ರೈವರ್ ಗಮಛಾದಲ್ಲಿ ಮುಖ ಮುಚ್ಚಿಕೊಂಡು ಬಂದ. "ಅಮ್ಮಾ, ಶಾದಿ ಹೈ, ಶಾದಿ!"

ಆ ಸೀಮೆಯ ಮದುವೆಯ ಶಾಸ್ತ್ರವಂತೆ ಅದು. ದಿಬ್ಬಣ ಹೊರಡುವ ಮುನ್ನ ಮದುಮಗನ ತಾಯಿ ಬಾವಿಯ ಮೇಲೆ ಕೂತು, "ಹೆಂಡತಿ ಬಂದ ಮೇಲೆ ನನ್ನ ಮರೀತಿ, ನಾನು ಬಾವಿಗೆ ಬೀಳ್ತೀನಿ" ಎಂದು ಹೆದರಿಸಬೇಕು. ಮಗ, "ಇಲ್ಲವ್ವಾ, ನಿನ್ನ ಸೇವೆಗೆ ಅಂತಲೇ ಕರಕೊಂಡು ಬರ್ತೀನಿ" ಎಂದು ಮಾತು ಕೊಟ್ಟು ಎಬ್ಬಿಸಬೇಕು. ಅಷ್ಟರಲ್ಲಿ ವಿಶ್ವವಿದ್ಯಾಲಯದಿಂದ ನಾನು ಹಾರಿ ಬಂದಿದ್ದೆ! ಶಾಸ್ತ್ರವನ್ನು ಮತ್ತೆ ಮೊದಲಿನಿಂದ ಮಾಡಬೇಕಾಯಿತು. ಹೆಂಗಸರು ಆ ಊರಿನ ರೂಢಿಯ ಬೈಗುಳದ ಹಾಡಿನಲ್ಲಿ, ಸಾಯುವವಳನ್ನು ಬಿಟ್ಟು ಬದುಕಿರುವವಳನ್ನು ಎಳೆದ 'ಮದರಾಸಿ ಮೇಡಂ'ಳನ್ನು ಸೇರಿಸಿ ಹಾಡಿದರು. ನನಗೆ ನಾಚಿಕೆಯಾಯಿತು, ನಗುವೂ ಬಂತು. ಲಾಡು ಕೊಟ್ಟರು, ತಿಂದೆ.

ಶಾಸ್ತ್ರ ಮುಗಿದು ಗಂಡಸರು ವರನನ್ನು ಕರೆದುಕೊಂಡು ಹೋದ ಮೇಲೆ ನಾನು ಟೇಪು ತೆಗೆದೆ. ಮದುಮಗನ ತಾಯಿಯ ಮುಖದ ನಗು ಅಲ್ಲಿಗೇ ನಿಂತಿತು. ಆಕೆ ಆಡಿದ್ದು ಭೋಜಪುರಿ. ನನ್ನ ಕಿವಿಗೆ ಅದು ಈಗಲೂ ನಮ್ಮ ಊರಿನ ಮಾತಾಗಿಯೇ ಕೇಳುತ್ತದೆ, ಹಾಗೆಯೇ ಬರೆಯುತ್ತೇನೆ.

"ಟೇಪಿನಾಕಿ ನೀನ ಏನು?"

"ಹೌದು."

"ಹಂಗಾದ್ರ ಹೇಳು. ನಮ್ಮ ಬಾವಿ ಯಾಕ ಮುಚ್ಚಸ್ತೀ?"

ನನಗೆ ಅರ್ಥವಾಗಲಿಲ್ಲ. ನಾನು ಬಾವಿ ಅಳೆಯುವವಳೇ ಹೊರತು ಮುಚ್ಚುವವಳಲ್ಲ. ಆಕೆ ಬಿಡಿಸಿ ಹೇಳಿದಳು. ಬತ್ತಲಿರುವ ಬಾವಿಗಳ ಪಟ್ಟಿ ಜಿಲ್ಲಾ ಕಚೇರಿಯಿಂದ ಬಂದಿದೆ, ಈ ಬಾವಿ ಅದರಲ್ಲಿದೆ. ಇದನ್ನು ಮಣ್ಣು ಹಾಕಿ ಮುಚ್ಚಿ, ಬದಲಿಗೆ ಒಂದು ಕೈಪಂಪು ಕೊಡುತ್ತಾರೆ. ಪಂಪು ಬರುವುದು ಇಲ್ಲಿಗಲ್ಲ, ಪಂಚಾಯಿತಿಯ ಪ್ರಧಾನನ ಮನೆಯ ಮಗ್ಗುಲಿಗೆ. ಈ ಕೇರಿಯ ಹೆಂಗಸರು ಅಲ್ಲಿಗೆ ಹೋಗಿ ಸರದಿ ನಿಲ್ಲಬೇಕು, ಅವರು ಬಿಟ್ಟಾಗ ತುಂಬಿಕೊಳ್ಳಬೇಕು. ಪಟ್ಟಿಗೆ ಬರುವ ಸೋಮವಾರ ಸಹಿ ಬೀಳುತ್ತದೆ. ಮಣ್ಣು ತರುವ ಟ್ರ್ಯಾಕ್ಟರೂ ಗೊತ್ತಾಗಿದೆ.

"ಇನ್ನೊಬ್ಬ ಮಗ ಅದಾನ. ಅವನ ಮದುವಿಗೆ ನಾ ಎಲ್ಲೆ ಕುಂಡ್ರಲಿ? ಪಂಪಿನ ಮ್ಯಾಲೆ?" ಎಂದಳು. ಯಾರೂ ನಗಲಿಲ್ಲ.

ಹಿಂದಿನ ವರ್ಷದ ನನ್ನ ವರದಿ ನೆನಪಾಯಿತು. ಸುತ್ತಲಿನ ಬಾವಿಗಳಲ್ಲಿ ನೀರು ಒಂದು ಗೇಣು ಇಳಿದಿದ್ದರೆ, ಇದೊಂದರಲ್ಲಿ ಮೂರು ಗೇಣು ಇಳಿದಿತ್ತು. ಆ ಅಂಕಿಯ ಕೆಳಗೆ ನಾನೇ ಗೆರೆ ಎಳೆದು ಜಿಲ್ಲಾ ಕಚೇರಿಗೆ ಕಳಿಸಿದ್ದೆ.

"ನೋಡವ್ವಾ, ನೀರು ಇಳದದ. ಟೇಪು ಸುಳ್ಳು ಹೇಳೂದಿಲ್ಲ," ಎಂದೆ. ಸ್ವಲ್ಪ ಬಿಗಿಯಾಗಿಯೇ ಎಂದೆ.

"ನನ್ನ ಕಣ್ಣೂ ಸುಳ್ಳು ಹೇಳೂದಿಲ್ಲ." ಆಕೆ ನನ್ನ ತೋಳು ಹಿಡಿದು ಬಾವಿಯ ಮೇಲೆ ಬಗ್ಗಿಸಿದಳು. ಒಳಗೋಡೆಯಲ್ಲಿ, ಸಾಕಷ್ಟು ಕೆಳಗೆ, ಇಟ್ಟಿಗೆಯ ಸಂದಿಯಿಂದ ಒಂದು ಅರಳಿ ಗಿಡ ಚಾಚಿಕೊಂಡಿತ್ತು. "ಆ ಗಿಡದಿಂದ ಎಣಸು. ನೀ ಬಣ್ಣ ಹಚ್ಚಿದ ವರ್ಷ ಜೇಠದಾಗ ಗಿಡದ ಕೆಳಗ ನಾಕು ಸಾಲು ಇಟ್ಟಂಗಿ ಕಾಣತಿದ್ದುವು. ಹೋದ ವರ್ಷ ಏಳು, ಈ ವರ್ಷಾನೂ ಏಳ. ಮೂರ ಸಾಲು ಇಳದದ. ಅಷ್ಟಕ್ಕ ಬಾವಿ ಸಾಯತದ?"

ಮೂರು ಸಾಲು ಇಟ್ಟಿಗೆ ಎಂದರೆ ಒಂದು ಗೇಣು. ಮೂರು ಗೇಣು ಇಳಿದಿದ್ದರೆ ಒಂಬತ್ತು ಸಾಲು ಹೊಸದಾಗಿ ಕಾಣಬೇಕಿತ್ತು. ನಾನು ಎರಡು ಸಲ ಎಣಿಸಿದೆ. ಗಿಡದ ಕೆಳಗೆ ಏಳೇ ಸಾಲು.

ನಾಲ್ಕು ಸಾಲಿನ ಮಾತು ಆಕೆಯ ನೆನಪು, ಬರೆದಿಟ್ಟದ್ದಲ್ಲ, ಹೆಚ್ಚುಕಡಿಮೆ ಇರಬಹುದು ಎಂದು ನನಗೆ ನಾನೇ ಸಮಾಧಾನ ಹೇಳಿಕೊಳ್ಳುತ್ತಿದ್ದೆ. ಆಗ ಆಕೆ ಕಟ್ಟೆಯನ್ನು ಹೆಮ್ಮೆಯಿಂದ ತಟ್ಟಿದಳು. "ಈ ಕಟ್ಟಿ ಕಟ್ಟಿಸಿದಾಕಿ ನಾನು. ಹೋದ ವರ್ಷ, ಮಗಳ ಮದುವಿಗೆ ಮುಂಚೆ. ಮೊದಲು ಗಿಡ್ಡ ಇತ್ತು, ಆಡು ಬೀಳತಿದ್ದುವು. ಗೌಂಡಿ ನಿನ್ನ ಗುರುತಿನ ಮ್ಯಾಲೇ ಇಟ್ಟಂಗಿ ಇಡಾವ ಇದ್ದ. ನಾ ಬಿಡಲಿಲ್ಲ. ಸರಕಾರದ ಗುರುತು, ಮುಚ್ಚಬಾರದು ಅಂದೆ. ಮ್ಯಾಲೆ ಹಂಗ ಹಚ್ಚಿಸಿದೆ, ಅದೇ ಜಾಗಾ, ಅದೇ ಬಣ್ಣ. ಸೋಮವಾರಕ್ಕೊಮ್ಮೆ ಕುಂಕುಮಾನೂ ಇಡತೀನಿ."

ಕೆಂಪು ಗೆರೆಯ ಮೇಲೆ ಸಿಂಧೂರ ಇತ್ತು. ಹಿಂದಿನ ವರ್ಷವೂ ಇತ್ತು. ಆಗ ನಾನು ಮುಗುಳ್ನಕ್ಕು ಟೇಪು ಬಿಟ್ಟಿದ್ದೆ.

ಟೇಪನ್ನು ಕಟ್ಟೆಗೆ ಹಿಡಿದು ನೆಲದವರೆಗೆ ಅಳೆದೆ. ಪುಸ್ತಕದಲ್ಲಿ ಇಪ್ಪತ್ತೈದು ಸೆಂಟಿಮೀಟರ್ ಎಂದಿತ್ತು. ಟೇಪು ಎಪ್ಪತ್ತು ಎಂದಿತು. ಗೆರೆ ಎರಡು ಗೇಣು ಮೇಲೆ ಹತ್ತಿತ್ತು, ನಾನು ಅದನ್ನು ನೀರು ಇಳಿದದ್ದೆಂದು ಬರೆದಿದ್ದೆ.

ಆಗ ನಾನು ಆಡಿದ ಮಾತಿಗೆ ಇಂದಿಗೂ ನಾಚಿಕೆಯಾಗುತ್ತದೆ. "ಯಾರು ಹೇಳಿದ್ರು ನಿನಗ ಅದನ್ನ ಮುಟ್ಟು ಅಂತ? ತಿಳೀಲಿಲ್ಲಂದ್ರ ಸುಮ್ಮನಿರಬಾರದ?" ಎಂದು ಅಷ್ಟು ಜನರ ನಡುವೆ, ಆಕೆಯ ಮಗನ ಮದುವೆಯ ದಿನ, ಆಕೆಯ ಮೇಲೆ ರೇಗಿದೆ.

ಆಕೆ ತಿರುಗಿ ಬೈಯಲಿಲ್ಲ. "ನಿನ್ನ ಗುರುತು ಉಳಿಸಿದ್ದು ತಪ್ಪಾತೇನ?" ಎಂದಳಷ್ಟೆ.

ಅಂಗೈ ಹುಣ್ಣಿಗೆ ಕನ್ನಡಿ ಬೇಕಿರಲಿಲ್ಲ. ಎತ್ತರವನ್ನು ಪ್ರತಿ ವರ್ಷ ಹೊಸದಾಗಿ ಅಳೆಯಬೇಕು ಎಂದು ವಿದ್ಯಾರ್ಥಿಗಳಿಗೆ ಪಾಠ ಹೇಳುವವಳೂ ನಾನೇ. ಬಿಸಿಲಿಗೆ ಹೆದರಿ, ಎರಡು ನಿಮಿಷ ಉಳಿಸಲು, ಹಳೆಯ ಅಂಕಿ ನಕಲು ಮಾಡಿದವಳೂ ನಾನೇ. ಆಕೆಯ ಕೈ ಹಿಡಿದು, ತಪ್ಪು ನಿನ್ನದಲ್ಲ, ನನ್ನದು, ಬಾವಿಯನ್ನು ಪಟ್ಟಿಯಿಂದ ತೆಗೆಸಲು ನೋಡುತ್ತೇನೆ ಎಂದೆ. ಆಕೆ ನಂಬಿದಂತೆ ಕಾಣಲಿಲ್ಲ. ನಂಬಬೇಕೆಂದೇನೂ ಇರಲಿಲ್ಲ.

ಕಾರಿನಿಂದಲೇ ಮುಖ್ಯಸ್ಥರಿಗೆ ಫೋನು ಮಾಡಿದೆ. ಅವರು ಪೂರ್ತಿ ಕೇಳಿ, ತಣ್ಣಗೆ ಹೇಳಿದರು: "ಮುಂದಿನ ವರ್ಷದ ವರದಿಯಲ್ಲಿ ಸರಿ ಮಾಡಿ. ಈಗ ತಪ್ಪಾಗಿದೆ ಅಂತ ಬರೆದುಕೊಟ್ಟರೆ ನಮ್ಮ ಉಳಿದ ಅಂಕಿಗಳನ್ನು ಯಾರು ನಂಬ್ತಾರೆ? ಒಂದು ಬಾವಿ ತಾನೆ."

"ಸರ್, ಮುಂದಿನ ವರ್ಷ ಅಳೆಯೋಕೆ ಆ ಬಾವಿ ಇರಬೇಕಲ್ಲ," ಎಂದೆ. ಫೋನಿಟ್ಟೆ.

ನಿಜ ಹೇಳಬೇಕೆಂದರೆ ಅವರ ಮಾತಿನಲ್ಲಿ ನನ್ನನ್ನು ಚುಚ್ಚಿದ್ದು ಬೇರೆ. ಒಂದು ಬಾವಿ ತಾನೆ ಎಂದರು. ಒಂದೇ ಎಂದು ಯಾರಿಗೆ ಗೊತ್ತು? ಈ ತಾಯಿಯ ಹಾಗೆ ಸರಕಾರದ ಗುರುತನ್ನು ಗೌರವದಿಂದ ಎತ್ತಿಟ್ಟವರು ಇನ್ನೆಷ್ಟು ಊರಲ್ಲಿದ್ದಾರೋ. ಮುಗಿದಿವೆ ಎಂದುಕೊಂಡಿದ್ದ ಇಪ್ಪತ್ತೈದು ಬಾವಿಗಳಿಗೂ ಮತ್ತೆ ಹೋಗಬೇಕು, ಉಳಿದ ಹದಿನಾರನ್ನೂ ಮುಗಿಸಬೇಕು. ಸೋಮವಾರಕ್ಕೆ ನಾಲ್ಕೂವರೆ ದಿನ. ದಕ್ಷಿಣದ ಅಂಚಿನಲ್ಲಿ ಮೋಡ ಬೇರೆ.

ಡ್ರೈವರ್ ಕನ್ನಡಿಯಲ್ಲಿ ನನ್ನ ಮುಖ ನೋಡಿದ. "ವಾಪಸಾ, ಅಮ್ಮಾ?"

"ವಾಪಸ್. ಮೊದಲನೇ ಬಾವಿಗೆ."

ಅವನು ಕಾರು ತಿರುಗಿಸಿದ.

ಆ ನಾಲ್ಕು ದಿನ ಕಾಶಿಯ ಸುತ್ತಲಿನ ಸೀಮೆಯನ್ನು ನಾನು ನೋಡಿದಷ್ಟು ಇನ್ಯಾವಾಗಲೂ ನೋಡಿಲ್ಲ. ಬೆಳಿಗ್ಗೆ ನಾಲ್ಕೂವರೆಗೆ ಹೊರಡುತ್ತಿದ್ದೆವು. ವರುಣೆಯ ಮೇಲಿನ ಸಣ್ಣ ಸೇತುವೆಗಳು, ರಾಜಾತಾಲಾಬ್ ಕಡೆಯ ತರಕಾರಿ ಹೊಲಗಳು, ಮಗ್ಗದ ಸದ್ದಿನ ಓಣಿಗಳು, ಹಳೆಯ ಧರ್ಮಶಾಲೆಗಳು. ಮಧ್ಯಾಹ್ನ ಗಾಳಿ ಬೆಂಕಿಯಾದಾಗ ಡ್ರೈವರ್ ಕಾರಿನ ಕಿಟಕಿಗೆ ಒದ್ದೆ ಗಮಛಾ ಕಟ್ಟುತ್ತಿದ್ದ. ಜೇಬಿನಲ್ಲಿ ಈರುಳ್ಳಿ ಇಟ್ಟುಕೊಳ್ಳಿ, ಗಾಳಿ ಬಡಿಯುವುದಿಲ್ಲ ಎಂದ. ವಿಜ್ಞಾನಿಯಾದ ನಾನು ಎರಡು ಈರುಳ್ಳಿ ಇಟ್ಟುಕೊಂಡೆ. ಎಲ್ಲಿ ನೋಡಿದರೂ ಹೆಂಗಸರು ಕೊಡ ಹಿಡಿದು ಬಾವಿಯ ಬಳಿ ಇರುತ್ತಿದ್ದರು. ಊರಿಗೆ ಬಂದವಳು ನೀರಿಗೆ ಬಾರದಿರುವಳೇ ಎಂಬ ಗಾದೆಯನ್ನು ಇಲ್ಲಿ ನನಗೇ ಅನ್ವಯಿಸಿಕೊಳ್ಳಬೇಕಿತ್ತು. ಎರಡು ವರ್ಷ ನೀರಿಗೆ ಬಂದಿದ್ದೆ, ನೀರು ಸೇದುವವರನ್ನು ಒಂದು ಮಾತು ಕೇಳಿರಲಿಲ್ಲ. ಈಗ ಪ್ರತಿ ಬಾವಿಯಲ್ಲೂ ಟೇಪು ಬಿಡುವ ಮೊದಲು ಕೇಳಿದೆ: ಕಟ್ಟೆ ಯಾವಾಗ ಕಟ್ಟಿದ್ದು? ಗುರುತು ಯಾರು ಹಾಕಿದ್ದು? ನೀರು ಎಷ್ಟು ಇಳಿದಿದೆ?

ಸಿಕ್ಕವು ಒಂದೊಂದೇ. ಒಂದೂರಲ್ಲಿ ಕಟ್ಟೆಗೆ ಸಿಮೆಂಟು ಮೆತ್ತಿ ಗೆರೆಯನ್ನು ಅಚ್ಚುಕಟ್ಟಾಗಿ ಮೇಲೆ ತಿದ್ದಿದ್ದರು. ಇನ್ನೊಂದರಲ್ಲಿ ಮೇಷ್ಟರೊಬ್ಬರು ಪಟ್ಟಿ ಹಿಡಿದು ನನ್ನ ಗೆರೆಗಿಂತ ನೇರವಾಗಿ ಹೊಸದನ್ನು ಎಳೆಸಿದ್ದರು. ಎಲ್ಲ ಕಡೆಯೂ ಅದೇ ಮಾತು: "ಮೇಡಂಜಿ, ನಿಮ್ಮ ಗುರುತು ಹಾಗೇ ಇದೆ, ನೋಡಿ!" ಸಿಟ್ಟು ಬರುವ ಬದಲು ನಗು ಬರತೊಡಗಿತು. ಇಷ್ಟು ಮರ್ಯಾದೆಯನ್ನು ನನ್ನ ಕೆಲಸಕ್ಕೆ ವಿಭಾಗದಲ್ಲೂ ಯಾರೂ ಕೊಟ್ಟಿರಲಿಲ್ಲ.

ಶುಕ್ರವಾರ ಗಂಗೆಯ ಆಚೆ ಒಂಬತ್ತು ಬಾವಿ. ರಾಮನಗರದ ತೇಲುವ ಪೀಪೆ ಸೇತುವೆಗೆ ಹೋದರೆ ದೊಡ್ಡ ಕಬ್ಬಿಣದ ಪೀಪಾಯಿಗಳನ್ನು ಒಂದೊಂದಾಗಿ ಬಿಚ್ಚಿ ದಡಕ್ಕೆ ಎಳೆಯುತ್ತಿದ್ದರು. ಮಳೆಗಾಲಕ್ಕೆ ಮುಂಚೆ ಪ್ರತಿ ವರ್ಷವೂ ಬಿಚ್ಚುತ್ತಾರೆ; ಈ ವರ್ಷ ನಮಗಾಗಿಯೇ ಅವತ್ತು ಬಿಚ್ಚಿದಂತಿತ್ತು. ರಾಜಘಾಟ್ ಸೇತುವೆ ಸುತ್ತಿಕೊಂಡು ಹೋಗಬೇಕು. ಸೇತುವೆಯ ಮೇಲೆ ಲಾರಿಗಳ ಸಾಲು, ಕಾರಿನ ರೇಡಿಯೇಟರ್ ಕುದಿದು ಉಗಿ ಬಿಟ್ಟಿತು. ನಾನು ಟೇಪಿನ ಪೆಟ್ಟಿಗೆಯ ಮೇಲೆ ಕೂತು ಅತ್ತುಬಿಟ್ಟೆ. ಡ್ರೈವರ್ ಒಂದು ಹಗ್ಗಕ್ಕೆ ಡಬ್ಬಿ ಕಟ್ಟಿ, ಸೇತುವೆಯ ಕಂಬಿಯಿಂದ ಗಂಗೆಗೇ ಇಳಿಬಿಟ್ಟು ನೀರು ಸೇದಿ ರೇಡಿಯೇಟರಿಗೆ ಹೊಯ್ದ. "ಗಂಗಾಜಲ ಕುಡಿದಿದೆ ಅಮ್ಮಾ, ಇನ್ನು ನಿಲ್ಲೋದಿಲ್ಲ," ಎಂದ ಹಿಂದಿಯಲ್ಲಿ. ನಿಲ್ಲಲಿಲ್ಲ.

ಆ ದಡದಲ್ಲೇ, ಮೂವತ್ತೆಂಟನೇ ಬಾವಿಯಲ್ಲಿ, ನಾನು ಊಹಿಸಿರದ ಸಂಗತಿ ಸಿಕ್ಕಿತು. ಅಲ್ಲಿ ಕಟ್ಟೆ ಬೆಳೆದಿರಲಿಲ್ಲ, ಕುಗ್ಗಿತ್ತು. ಯಾರೋ ಮನೆ ಕಟ್ಟಲು ಮೇಲಿನ ಇಟ್ಟಿಗೆಗಳನ್ನು ಒಯ್ದಿದ್ದರು. ಆದರೆ ನನ್ನ ಕೆಂಪು ಗೆರೆಯ ಇಟ್ಟಿಗೆಯೊಂದನ್ನು ಮಾತ್ರ ಜೋಪಾನವಾಗಿ ಕೆಳಗೆ ಕೂರಿಸಿ ಗಾರೆ ಹಾಕಿದ್ದರು. ಹಾಗಾಗಿ ಲೆಕ್ಕ ತಿರುಗುಮುರುಗು. ಪುಸ್ತಕದಲ್ಲಿ ಈ ಬಾವಿ ಎಲ್ಲಕ್ಕಿಂತ ಆರೋಗ್ಯವಾಗಿತ್ತು. ಸರಿಯಾಗಿ ಅಳೆದಾಗ ಅದು ಎಲ್ಲಕ್ಕಿಂತ ಬೇಗ ಇಳಿಯುತ್ತಿತ್ತು. ಪಕ್ಕದ ಹಳೆಯ ಪೋಖರಾ, ಅಂದರೆ ಊರ ಕೆರೆ, ಹೂಳು ತುಂಬಿ ದನ ಕಟ್ಟುವ ಬಯಲಾಗಿತ್ತು. ಅದರ ನೀರು ಇಂಗದೆ ಬಾವಿ ಒಣಗುತ್ತಿದೆ ಎಂಬುದು ನೋಡಿದರೇ ತಿಳಿಯುತ್ತಿತ್ತು. ಅಲ್ಲಿನವರಿಗೆ ಹೇಳಿದೆ. ಗಂಡಸರು ಬೀಡಿ ಹಚ್ಚಿಕೊಂಡು, "ಜೇಠದಲ್ಲಿ ಬಾವಿ ಇಳಿಯೋದೇ, ಆಷಾಢಕ್ಕೆ ಏರುತ್ತೆ" ಎಂದರು.

ಭಾನುವಾರ ಮಧ್ಯಾಹ್ನ ಕೊನೆಯ ಬಾವಿ ಮುಗಿಯಿತು. ಒಟ್ಟು ಐದು ಬಾವಿಗಳ ಗುರುತು ಜಾಗ ಬಿಟ್ಟಿತ್ತು. ನಾಲ್ಕು ಮೇಲಕ್ಕೆ, ಒಂದು ಕೆಳಕ್ಕೆ. ಸಂಜೆ ಕೂತು ತಿದ್ದುಪಡಿಯ ಪತ್ರ ಬರೆದೆ.

ಸೋಮವಾರ ಬೆಳಿಗ್ಗೆ ಕಚೇರಿಯಲ್ಲಿ ಅಧಿಕಾರಿ ಪತ್ರವನ್ನು ಎರಡು ಸಲ ಓದಿದರು. ಒಳ್ಳೆಯ ಮನುಷ್ಯ, ಸುಸ್ತಾದ ಮನುಷ್ಯ. "ತಿದ್ದಬಹುದು ಮೇಡಂ. ಆದರೆ ಕಾರಣ ಬೇಕು. ಗ್ರಾಮಸ್ಥರು ಗುರುತು ಬದಲಿಸಿದರು ಅಂತ ಬರೀರಿ, ನಿಮಗೂ ತೊಂದರೆ ಇಲ್ಲ, ನನಗೂ ಇಲ್ಲ."

ಸುಳ್ಳೂ ಅಲ್ಲ ಅದು. ಬದಲಿಸಿದ್ದು ಅವರೇ. ಹಾಗೆ ಬರೆದರೆ ಮುಖ್ಯಸ್ಥರಿಗೂ ನೆಮ್ಮದಿ, ನನ್ನ ಯೋಜನೆಯೂ ಉಳಿಯುತ್ತಿತ್ತು. ಆದರೆ ಗ್ರಾಮಸ್ಥರು ಗುರುತು ಬದಲಿಸಿದರು ಎಂಬ ಸಾಲು ಕಡತಕ್ಕೆ ಹೋದರೆ, ನಾಳೆ ಯಾರಾದರೂ ಅದನ್ನೇ ಹಿಡಿದು, ಕಳ್ಳ ಲೆಕ್ಕದ ಬಾವಿ, ಮುಚ್ಚಿ ಎನ್ನಬಹುದು. ಕಾರಣದ ಮುಂದೆ ಬರೆದೆ: 'ಕಟ್ಟೆಯ ಎತ್ತರವನ್ನು ಮರುವರ್ಷ ಅಳೆಯದಿದ್ದದ್ದು. ತಪ್ಪು ಅಳೆದವಳದು.' ಕೆಳಗೆ ಹೆಸರು, ಸಹಿ.

ಅಧಿಕಾರಿ ತಲೆಯಾಡಿಸಿ, ಕೆಂಪು ಪೆನ್ಸಿಲಿನಿಂದ ಪಟ್ಟಿಯ ನಾಲ್ಕು ಹೆಸರಿನ ಮೇಲೆ ಅಡ್ಡ ಹೊಡೆದರು. ಮೂವತ್ತೆಂಟನೆಯದನ್ನು ಕೆಳಗೆ ಸೇರಿಸಿದರು. ಸೇರಿದ ಬಾವಿಯನ್ನು ಈ ವರ್ಷ ಮುಚ್ಚುವುದಿಲ್ಲ, ಊರವರು ಕೆರೆಯ ಹೂಳು ಎತ್ತಿದರೆ ಮುಂದಿನ ಬೇಸಿಗೆಯ ಅಳತೆ ನೋಡಿ ತೀರ್ಮಾನ ಎಂದು ನಾನು ಹೇಳಿದಂತೆಯೇ ಷರಾ ಬರೆದರು. ಮುಖ್ಯಸ್ಥರು ಆ ಮೇಲೆ ಒಂದು ತಿಂಗಳು ನನ್ನ ಜೊತೆ ಸರಿಯಾಗಿ ಮಾತಾಡಲಿಲ್ಲ. ಯೋಜನೆ ಮಾತ್ರ ನಿಲ್ಲಲಿಲ್ಲ, ಯಾಕೆಂದು ನನಗಿನ್ನೂ ತಿಳಿದಿಲ್ಲ.

ಕಚೇರಿಯಿಂದ ನೇರ ಆ ತಾಯಿಯ ಊರಿಗೆ ಹೋದೆವು. ಹೊಸ ಸೊಸೆ ಬಂದಿದ್ದಳು, ಅಂಗಳದ ತುಂಬ ನೆಂಟರು. ಬಾವಿ ಉಳಿಯಿತು ಎಂದೆ. ಆಕೆ ಸೆರಗನ್ನು ಎರಡೂ ಕೈಯಲ್ಲಿ ಹಿಡಿದು ನೆಲ ಮುಟ್ಟಿದಳು, ಆಮೇಲೆ ಗಟ್ಟಿಯಾಗಿ ಅತ್ತಳು. ಮದುವೆಯ ದಿನ ಸಾಯುತ್ತೇನೆಂದು ಅಷ್ಟು ಚೆನ್ನಾಗಿ ಸುಳ್ಳು ಕೂಗಿದವಳು ಈಗ ನಿಜವಾಗಿ ಅಳುವಾಗ ಮಾತೇ ಬರಲಿಲ್ಲ. ನನ್ನ ಕಣ್ಣೂ ತುಂಬಿದವು.

"ಮತ್ತ ಉಳದವು? ಎಲ್ಲಾ ಬಾವಿ ಉಳದುವೇನ?" ಎಂದು ಸ್ವಲ್ಪ ಹೊತ್ತಿನ ಮೇಲೆ ಕೇಳಿದಳು.

"ಒಂದು ಕಷ್ಟದಾಗ ಅದ. ಗಂಗೆಯ ಆಚೆ. ಪೋಖರಾದ ಮಗ್ಗುಲಿಂದು, ಕಟ್ಟಿ ಕಿತ್ತದ್ದು." ಊರಿನ ಹೆಸರು ಹೇಳಿದೆ.

ಆಕೆ ಸೆರಗಿನಿಂದ ಮುಖ ಒರೆಸುತ್ತಿದ್ದ ಕೈ ನಿಲ್ಲಿಸಿದಳು. "ಅದು ನನ್ನ ತವರು."

ಅಪ್ಪ ಸತ್ತು ಹನ್ನೊಂದು ವರ್ಷವಾಯಿತಂತೆ, ಅಲ್ಲಿಂದೀಚೆಗೆ ಅಣ್ಣಂದಿರು ಕರೆಸಿಲ್ಲ. ಮದುವೆಗೂ ಬಂದಿರಲಿಲ್ಲ. ಕರೆ ಬಾರದೆ ಹೆಣ್ಣುಮಗಳು ತವರಿನ ಹೊಸ್ತಿಲು ತುಳಿಯಬಾರದೆಂಬುದು ಅಲ್ಲಿನ ಕಟ್ಟು. ನಾನು ಪೋಖರಾದ ಹೂಳಿನ ವಿಷಯ ಹೇಳಿದೆ, ಮಳೆಗೆ ಮುಂಚೆ ಎತ್ತಿದರೆ ಬಾವಿ ಬದುಕೀತು ಎಂದೆ, ನನ್ನ ಮಾತನ್ನು ಅವರು ಕಿವಿಗೆ ಹಾಕಿಕೊಳ್ಳಲಿಲ್ಲ ಎಂದೂ ಹೇಳಿದೆ. ಆಕೆ ಆಕಾಶ ನೋಡಿದಳು. ಒಳಗೆ ಹೋಗಿ ಮದುವೆಯ ಲಾಡಿನ ಬುಟ್ಟಿ ತಂದು, ಯಾರನ್ನೂ ಕೇಳದೆ ಕಾರಿನ ಹಿಂದಿನ ಸೀಟಿನಲ್ಲಿ ಕೂತಳು.

ಡ್ರೈವರ್ ಬಾಗಿಲು ಮುಚ್ಚುತ್ತ ತನ್ನ ಕನ್ನಡದಲ್ಲಿ "ನಿಧಾನ" ಎಂದ. "ನಿಧಾನ ಬ್ಯಾಡ, ಜೋರ ನಡಿ" ಎಂದೆ ನಾನು.

ನಾವು ತಲುಪಿದಾಗ ಸೂರ್ಯ ಇನ್ನೂ ಮೇಲಿದ್ದ. ಆಕೆ ಮನೆಯ ಕಡೆಗೆ ಹೋಗಲಿಲ್ಲ. ನೇರ ಬಾವಿಯ ಬಳಿ ಹೋಗಿ, ಬಗ್ಗಿ, ಬೆರಳು ಮಡಚುತ್ತ ಇಟ್ಟಿಗೆಯ ಸಾಲು ಎಣಿಸಿದಳು. ಮಗುವಾಗಿದ್ದಾಗ ಎಷ್ಟಿತ್ತೆಂದು ಆಕೆಗೆ ನೆನಪಿತ್ತು. ಎಣಿಕೆ ಮುಗಿದಾಗ ಮುಖ ಬಿಳುಪೇರಿತ್ತು. ಅಷ್ಟರಲ್ಲಿ ಊರವರು ಸೇರಿದ್ದರು. ದೊಡ್ಡಣ್ಣ ಬೀಡಿ ಬಿಸಾಕಿ ಮುಂದೆ ಬಂದ.

"ನಿನ್ನ ಯಾರು ಕರೆಸಿದ್ರು?" ಎಂದ.

"ಬಾವಿ ಕರೆಸಿತು," ಎಂದಳು.

ಅವನು ಬಾವಿಯೊಳಗೆ ನೋಡಿದ. ಹೂಳು ತುಂಬಿದ ಪೋಖರಾದ ಕಡೆ ನೋಡಿದ. ತಂಗಿಯ ಕೈಯಲ್ಲಿದ್ದ ಬುಟ್ಟಿ ನೋಡಿದ. ಹೆಗಲ ಮೇಲಿನ ಗಮಛಾವನ್ನು ತಲೆಗೆ ಸುತ್ತಿಕೊಂಡು, ಗುದ್ದಲಿ ತರಲು ಮನೆಯೊಳಗೆ ಹೋದ.